ಗೆರೆಗಳಲ್ಲಿ ಉಳಿದ ಹಳ್ಳಿಯ ಬಾಳು
ವಿಜ್ಞಾನಿಗಳು ಹವ್ಯಾಸಕ್ಕಾಗಿ ಬರೆದ ಚಿತ್ರಗಳನ್ನು ಕುರಿತು

ಕೋಲಾರ ಸೀಮೆಯ ಹಳೆಯ ಮನೆಗಳ ಅಟ್ಟವನ್ನು ಹತ್ತಿ ನೋಡಿದವರಿಗೆ ಈ ದೃಶ್ಯ ಹೊಸದಾಗಿರಲಾರದು. ಮೂಲೆಯಲ್ಲಿ ಧೂಳು ಹಿಡಿದ ಕೂರಿಗೆಯ ಬಟ್ಟಲು ಬಿದ್ದಿರುತ್ತದೆ. ಅದರ ಪಕ್ಕದಲ್ಲಿ ಹಿಡಿ ಮುರಿದ ಮೊರ, ಬಾಯಿ ಒಡೆದ ಗುಡಾಣ, ಯಾರೋ ಹಿರಿಯರ ಕಾಲದ ವಿಭೂತಿ ಪೆಟ್ಟಿಗೆ. ರಜೆಗೆ ಬಂದ ಮೊಮ್ಮಗ ಒಂದನ್ನು ಕೈಗೆತ್ತಿಕೊಂಡು ‘ಅಜ್ಜಿ, ಇದೇನು?’ ಎಂದು ಕೇಳುತ್ತಾನೆ. ಅಜ್ಜಿ ಹೆಸರು ಹೇಳುತ್ತಾಳೆ. ಬಿತ್ತನೆಯ ಕಾಲದಲ್ಲಿ ಅದರೊಳಕ್ಕೆ ಕಾಳನ್ನು ಹೇಗೆ ಬಿಡುತ್ತಿದ್ದರೆಂದು ಬರಿಗೈಯನ್ನು ಆಡಿಸಿ ತೋರಿಸುತ್ತಾಳೆ. ಆ ಕೈಯ ಚಲನೆಯನ್ನು ಬಲ್ಲ ಕಡೆಯ ತಲೆಮಾರು ಬಹುಶಃ ಅವಳದೇ.

ನಮ್ಮ ಮನೆಗಳಲ್ಲಿ ಮದುವೆಯ ಫೋಟೋಗಳಿಗೆ ಕೊರತೆಯಿಲ್ಲ. ಆದರೆ ಅದೇ ಮನೆಯ ಹೆಂಗಸರು ಬೆಳಗಿನ ಜಾವ ರಾಗಿಕಲ್ಲಿನ ಮುಂದೆ ಕುಳಿತು ಬೀಸುತ್ತಿದ್ದ ಚಿತ್ರ ಎಷ್ಟು ಮನೆಗಳಲ್ಲಿದೆ? ಕಣದಲ್ಲಿ ಎತ್ತುಗಳು ರೋಣಗಲ್ಲನ್ನು ಎಳೆಯುತ್ತಿದ್ದುದನ್ನು, ಕಪಿಲೆಯ ಬಾನಿ ಬಾವಿಯಿಂದ ಮೇಲೇರಿ ಬರುತ್ತಿದ್ದುದನ್ನು ಯಾರು ಚಿತ್ರಿಸಿಟ್ಟಿದ್ದಾರೆ? ದಿನವೂ ಕಾಣುವುದನ್ನು ಯಾರೂ ಕಾಪಿಡುವುದಿಲ್ಲ. ಕಾಪಿಡಬೇಕೆಂಬ ಬುದ್ಧಿ ಬರುವ ವೇಳೆಗೆ ಅದು ಕಣ್ಮರೆಯಾಗಿರುತ್ತದೆ.

ಈ ಮರೆವಿಗೆ ಅಡ್ಡಗಟ್ಟಿ ನಿಂತ ಕೆಲವರು ಲೋಕದಲ್ಲಿದ್ದಾರೆ. ಅವರಲ್ಲಿ ವೃತ್ತಿಯ ಚಿತ್ರಕಾರರಲ್ಲದ ವಿಜ್ಞಾನಿಗಳೂ ಇದ್ದರೆಂಬುದು ಗಮನಿಸತಕ್ಕ ಸಂಗತಿ. ಅಂಥ ಮೂವರ ಕೆಲಸವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಮೊದಲನೆಯವರ ಮನೆತನ ನಮ್ಮ ಮುಳಬಾಗಿಲಿನದು. ಎರಡನೆಯವರು ಉತ್ತರ ಕನ್ನಡದವರು. ಮೂರನೆಯವರು ಜಪಾನಿನ ಹಳ್ಳಿಗಳನ್ನು ಸುತ್ತಿದ ಅಮೆರಿಕದವರು.

ಮುಳಬಾಗಿಲಿನ ಮನೆತನದ ಸಸ್ಯವಿಜ್ಞಾನಿ

೧೮೮೭ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರನ್ನು ಅರಿಯದ ಕನ್ನಡಿಗರಿಲ್ಲ. ಅವರು ತಾವು ಕಂಡ ವ್ಯಕ್ತಿಗಳನ್ನು, ಹುಟ್ಟೂರಿನ ಹಿರಿಯರನ್ನು, ಅವರ ನಡೆನುಡಿಗಳನ್ನು ಕುರಿತು ಬರೆದ ಸಂಪುಟಗಳಿಗೆ ‘ಜ್ಞಾಪಕ ಚಿತ್ರಶಾಲೆ’ ಎಂದು ಹೆಸರಿಟ್ಟರು. ತಂದೆ ಮಾತಿನಲ್ಲಿ ಚಿತ್ರಶಾಲೆಯನ್ನು ಕಟ್ಟಿದರು. ಅವರ ಮಗ, ೧೯೧೮ರಲ್ಲಿ ಜನಿಸಿದ ಡಾ. ಬಿ.ಜಿ.ಎಲ್. ಸ್ವಾಮಿಯವರು, ಮಾತಿನ ಜೊತೆಗೆ ಗೆರೆಯನ್ನೂ ಹಿಡಿದರು.

ಸ್ವಾಮಿಯವರು ಮೊದಲು ವಿಜ್ಞಾನಿ, ಮಿಕ್ಕದ್ದೆಲ್ಲ ಅನಂತರ. ಹೂಬಿಡುವ ಗಿಡಗಳ ಒಳರಚನೆಯನ್ನು ಕುರಿತ ಅವರ ಸಂಶೋಧನೆ ಹೊರದೇಶಗಳಲ್ಲೂ ಮನ್ನಣೆ ಪಡೆಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಹಿರಿಯ ವಿಜ್ಞಾನಿಯೊಡನೆ ಅವರು ಕೆಲಸ ಮಾಡಿದರು. ಸ್ವದೇಶಕ್ಕೆ ಹಿಂತಿರುಗಿದ ಮೇಲೆ ದಕ್ಷಿಣ ಭಾರತದ ಕಾಡಿನ ಗಿಡವೊಂದಕ್ಕೆ ಆ ಗುರುವಿನ ಹೆಸರನ್ನೇ ಕೂಡಿಸಿ ‘ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ’ ಎಂದು ನಾಮಕರಣ ಮಾಡಿದರು. ಗುರುಭಕ್ತಿಯನ್ನು ತೋರಲು ಒಬ್ಬ ಸಸ್ಯವಿಜ್ಞಾನಿಗೆ ಇದಕ್ಕಿಂತ ಒಪ್ಪುವ ದಾರಿ ಯಾವುದು? ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದು ಅಲ್ಲಿಯೇ ಪ್ರಿನ್ಸಿಪಾಲರೂ ಆದರು. ೧೯೮೦ರ ನವೆಂಬರ್ ತಿಂಗಳಲ್ಲಿ ತೀರಿಕೊಂಡರು.

ಸಸ್ಯವಿಜ್ಞಾನಿಗೆ ಚಿತ್ರ ಬರೆಯುವ ಗೀಳು ಏಕೆ ಎಂದು ಕೆಲವರು ಕೇಳಬಹುದು. ಆ ಶಾಸ್ತ್ರದಲ್ಲಿ ಚಿತ್ರವೇ ಅರ್ಧ ಕೆಲಸ. ಆ ಕಾಲದವರು ಸೂಕ್ಷ್ಮದರ್ಶಕದ ಕಣ್ಣಿಗೆ ಒಂದು ಪುಟ್ಟ ಪಟ್ಟಕವನ್ನು ಜೋಡಿಸಿಕೊಳ್ಳುತ್ತಿದ್ದರು. ಅದರ ಮೂಲಕ ನೋಡಿದಾಗ ಗಾಜಿನ ಮೇಲಿರುವ ಗಿಡದ ಸೀಳೂ ಪಕ್ಕದ ಕಾಗದದ ಮೇಲಿರುವ ಪೆನ್ಸಿಲಿನ ಮೊನೆಯೂ ಒಂದರ ಮೇಲೊಂದು ಕಾಣುತ್ತವೆ. ಕಂಡ ಗೆರೆಯ ಮೇಲೆಯೇ ಪೆನ್ಸಿಲನ್ನು ನಡೆಸಬಹುದು. ಇಂದಿಗೂ ಹೊಸದೊಂದು ಸಸ್ಯವನ್ನು ಲೋಕಕ್ಕೆ ಪರಿಚಯಿಸುವಾಗ ಫೋಟೋದ ಜೊತೆಗೆ ರೇಖಾಚಿತ್ರವನ್ನು ಕೊಡುವ ವಾಡಿಕೆಯಿದೆ. ಫೋಟೋ ಎಲೆಯನ್ನೂ ಎಲೆಯ ಮೇಲಿನ ಹುಳುಕಡಿತವನ್ನೂ ಬಿಸಿಲಿನ ಮಿಂಚನ್ನೂ ಒಂದೇ ಸಮನಾಗಿ ಹಿಡಿಯುತ್ತದೆ. ಚಿತ್ರ ಬರೆಯುವವನು ಮಾತ್ರ ಯಾವುದು ಆ ಗಿಡದ ಲಕ್ಷಣ, ಯಾವುದು ಆ ದಿನದ ಆಕಸ್ಮಿಕ ಎಂದು ಗೆರೆಗೆರೆಗೂ ತೀರ್ಮಾನಿಸಬೇಕು. ತೀರ್ಮಾನಿಸಬೇಕಾದರೆ ಚೆನ್ನಾಗಿ ನೋಡಿರಬೇಕು.

ಈ ಅಭ್ಯಾಸವನ್ನು ಸ್ವಾಮಿಯವರು ಪ್ರಯೋಗಶಾಲೆಯ ಬಾಗಿಲಿನಾಚೆಗೂ ತಂದರು. ೧೯೭೬ರಲ್ಲಿ ಪ್ರಕಟವಾದ ‘ಹಸುರು ಹೊನ್ನು’ ಕೃತಿಗೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ವಿದ್ಯಾರ್ಥಿಗಳ ತಂಡದೊಡನೆ ಗುರುವೊಬ್ಬರು ಪಶ್ಚಿಮಘಟ್ಟದ ಕಾಡುಗಳನ್ನು ಸುತ್ತುವ ಕಥನ ಅದು. ಅದರಲ್ಲಿ ಸಸ್ಯಶಾಸ್ತ್ರವಿದೆ, ಹಳಗನ್ನಡದ ಮಾತಿದೆ, ಹುಡುಗರ ಹುಡುಗಾಟವಿದೆ. ಪುಟಗಳ ನಡುವೆ ಲೇಖಕರೇ ಬರೆದ ಗಿಡಮರಗಳ ರೇಖಾಚಿತ್ರಗಳಿವೆ. ಪಾಠಪುಸ್ತಕದ ಚಿತ್ರಗಳ ಬಿಗುಪು ಅವುಗಳಲ್ಲಿಲ್ಲ. ದಾರಿಯಲ್ಲಿ ಕಂಡ ಗೆಳೆಯನನ್ನು ಪರಿಚಯಿಸುವ ಸಲಿಗೆ ಅವುಗಳಲ್ಲಿದೆ.

ಸ್ವಾಮಿಯವರ ನೋಟ ಕಾಡಿನಲ್ಲೇ ನಿಲ್ಲದೆ ನಮ್ಮ ಅಡುಗೆಮನೆಗೂ ಬಂದಿತು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಎಂಬ ಪುಸ್ತಕದಲ್ಲಿ ಅವರು ನಮ್ಮದೇ ಎಂದು ನಾವು ನಂಬಿರುವ ಮೆಣಸಿನಕಾಯಿ, ಆಲೂಗೆಡ್ಡೆಗಳಂಥ ಪದಾರ್ಥಗಳು ಕಡಲಾಚೆಯಿಂದ ಬಂದ ಬಗೆಯನ್ನು ವಿವರಿಸಿದರು. ಕೋಲಾರದ ಮಂಡಿಯಲ್ಲಿ ಇಂದು ರಾಶಿರಾಶಿಯಾಗಿ ಹರಾಜಾಗುವ ಟೊಮೇಟೊವಿನ ತವರೂ ದಕ್ಷಿಣ ಅಮೆರಿಕವೇ. ಊಟದ ತಟ್ಟೆಯಂಥ ನಿತ್ಯದ ವಸ್ತುವಿನಲ್ಲಿಯೂ ಚರಿತ್ರೆಯನ್ನು ಕಾಣಬಲ್ಲ ಕಣ್ಣು ಅವರದು. ಆ ಕಣ್ಣನ್ನು ಪಳಗಿಸಿದ್ದರಲ್ಲಿ ಪೆನ್ಸಿಲಿನ ಪಾಲೂ ಇತ್ತು.

ಕಾವಿಯ ಗೋಡೆಗಳ ಮುಂದೆ ಒಬ್ಬ ವಿಜ್ಞಾನಿ

ಸ್ವಾಮಿಯವರ ಗೆರೆ ಹೆಚ್ಚಾಗಿ ಗಿಡಮರಗಳಿಗೆ ಮೀಸಲಾಯಿತು. ಹಳ್ಳಿಯ ಜನ, ಅವರ ಉಡುಗೆತೊಡುಗೆ, ಅವರ ಮನೆಗೋಡೆಗಳನ್ನೇ ವಸ್ತುವಾಗಿ ಆರಿಸಿಕೊಂಡವರು ಡಾ. ಕೃಷ್ಣಾನಂದ ಕಾಮತರು. ೧೯೩೪ರಲ್ಲಿ ಹೊನ್ನಾವರದಲ್ಲಿ ಜನಿಸಿದ ಕಾಮತರು ಅಮೆರಿಕದಲ್ಲಿ ಡಾಕ್ಟರೇಟ್ ಪಡೆದರು. ಆ ಅನುಭವವನ್ನು ‘ನಾನೂ ಅಮೆರಿಕೆಗೆ ಹೋಗಿದ್ದೆ’ ಎಂಬ ಪುಸ್ತಕದಲ್ಲಿ ಬರೆದರು. ಹಿಂತಿರುಗಿದ ಮೇಲೆ ಬೆಂಗಳೂರಿನಲ್ಲಿ ನೆಲೆಸಿದರು. ಅವರ ಪತ್ನಿ ಡಾ. ಜ್ಯೋತ್ಸ್ನಾ ಕಾಮತರು ಆಕಾಶವಾಣಿಯಲ್ಲಿ ದುಡಿದವರು, ಕರ್ನಾಟಕದ ಸಾಮಾಜಿಕ ಜೀವನದ ಇತಿಹಾಸವನ್ನು ಬರೆದವರು.

ಕೀಟ, ಇರುವೆ, ಹಾವು, ಹಕ್ಕಿಗಳ ಬಗ್ಗೆ ಕಾಮತರು ಸರಳ ಕನ್ನಡದಲ್ಲಿ ಹಲವು ಪುಸ್ತಕಗಳನ್ನು ಬರೆದಿದ್ದಾರೆ. ಅವುಗಳಲ್ಲೊಂದರ ಹೆಸರು ‘ಕಾಗೆಯ ಕಾಯಕ’. ಶುಭಕಾರ್ಯದಲ್ಲಿ ಯಾರೂ ನೆನೆಯದ ಕಾಗೆಗೂ ಲೋಕದಲ್ಲೊಂದು ಕಾಯಕವಿದೆ ಎಂಬ ಭಾವನೆ ಆ ಹೆಸರಿನಲ್ಲೇ ಅಡಗಿದೆ. ಇದೇ ಭಾವನೆಯಿಂದ ಅವರು ಊರೂರು ಅಲೆದರು. ರಾಜಸ್ಥಾನ, ಬಂಗಾಳ, ಮಧ್ಯಪ್ರದೇಶ, ಬಸ್ತರದ ಕಾಡುಗಳನ್ನು ಸುತ್ತಿದರು. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಲೇಖನಿ. ಹೆಂಗಸರ ಒಡವೆ, ತುರುಬು, ಹಚ್ಚೆ, ರಂಗವಲ್ಲಿ, ಸಂತೆಗೆ ಹೊರಟವರ ತಲೆಯ ಮೇಲಿನ ಹೊರೆ ಇವೆಲ್ಲ ಅವರ ಗಮನವನ್ನು ಸೆಳೆದವು. ಪಂಡಿತರು ಬಿಟ್ಟು ನಡೆದುದನ್ನು ಅವರು ನಿಂತು ನೋಡಿದರು.

ಕರಾವಳಿಯ ಕಾವಿ ಕಲೆಯನ್ನು ದಾಖಲಿಸಿದ್ದು ಅವರ ಅತ್ಯಂತ ದೊಡ್ಡ ಸೇವೆ ಎನ್ನಬೇಕು. ಬಯಲುಸೀಮೆಯ ನಮಗೆ ಈ ಕಲೆಯ ಪರಿಚಯ ಕಡಿಮೆ. ಕಪ್ಪೆಚಿಪ್ಪನ್ನು ಸುಟ್ಟು ಮಾಡಿದ ಸುಣ್ಣಕ್ಕೆ ತೊಳೆದ ಮರಳನ್ನೂ ಬೆಲ್ಲದ ನೀರನ್ನೂ ಕೂಡಿಸಿ, ದಿನಗಟ್ಟಲೆ ಕೊಳೆಹಾಕಿ, ಕುಟ್ಟಿ ನುಣುಪಾದ ಗಾರೆಯನ್ನು ಸಿದ್ಧಮಾಡುತ್ತಾರೆ. ಅದನ್ನು ಗೋಡೆಗೆ ಬಳಿದು ಮೇಲೆ ಕೆಮ್ಮಣ್ಣಿನ ಲೇಪ ಕೊಡುತ್ತಾರೆ. ಹಸಿ ಆರುವ ಮೊದಲೇ ಉಕ್ಕಿನ ಮೊನೆಯಿಂದ ಕೆಂಪನ್ನು ಕೆರೆದು ತೆಗೆದರೆ ಕೆಳಗಿನ ಬಿಳುಪು ಗೆರೆಯಾಗಿ ಮೂಡುತ್ತದೆ. ದೇವದೇವತೆಯರು, ಹೂಬಳ್ಳಿ, ಆನೆ, ಕುದುರೆ ಎಲ್ಲವೂ ಈ ಎರಡೇ ಬಣ್ಣಗಳಲ್ಲಿ. ಕರಾವಳಿಯ ಬಿರುಮಳೆಯಲ್ಲಿ ತಲೆಮಾರುಗಳ ಕಾಲ ಬಾಳಿದ ಈ ಚಿತ್ರಗಳು ಜೀರ್ಣೋದ್ಧಾರದ ಸುತ್ತಿಗೆಗೆ ಬಾಳಲಿಲ್ಲ. ಹಳೆಯ ಗುಡಿಯನ್ನು ಕೆಡವಿ ಸಿಮೆಂಟಿನ ಗುಡಿ ಕಟ್ಟುವಾಗ ಕಾವಿಯ ಗೋಡೆಗಳು ಕಲ್ಲುಮಣ್ಣಿನ ರಾಶಿ ಸೇರಿದವು.

ಕೆಡವಿದವರು ಕೆಟ್ಟವರಲ್ಲ, ಭಕ್ತರೇ. ದೇವರಿಗೆ ಹೊಸ ಮನೆ ಕಟ್ಟಬೇಕೆಂಬ ಶ್ರದ್ಧೆಯಿಂದಲೇ ಅವರು ಹಾಗೆ ಮಾಡಿದರು. ಕಳೆದುಕೊಳ್ಳುತ್ತಿರುವುದು ಏನೆಂಬುದು ಮಾತ್ರ ಅವರಿಗೆ ಕಾಣಲಿಲ್ಲ. ಕಾಮತರು ಇನ್ನೂ ಉಳಿದಿದ್ದ ಗೋಡೆಗಳನ್ನು ಹುಡುಕಿಕೊಂಡು ಹೋಗಿ ಚಿತ್ರಗಳನ್ನು ಸಂಗ್ರಹಿಸಿದರು. ‘ಕಾವಿ ಕಲೆ’ ಎಂಬ ಗ್ರಂಥ ಆ ಶ್ರಮದ ಫಲ. ಕಾಮತರು ೨೦೦೨ರಲ್ಲಿ ನಿಧನರಾದರು. ಗೋಡೆ ಹೋದ ಕಡೆಗಳಲ್ಲಿ ಇಂಥ ದಾಖಲೆಯೊಂದೇ ಇಂದಿನವರಿಗೆ ಆಧಾರ.

ಜಪಾನಿನ ಹಳ್ಳಿಗಳಲ್ಲಿ ಮೋರ್ಸ್

ಕಾಮತರಿಗಿಂತ ಸುಮಾರು ನೂರು ವರ್ಷ ಮುಂಚೆ ಇದೇ ಬಗೆಯ ಕೆಲಸವನ್ನು ದೂರದ ಜಪಾನಿನಲ್ಲಿ ಮಾಡಿದವರು ಎಡ್ವರ್ಡ್ ಮೋರ್ಸ್. ೧೮೩೮ರಲ್ಲಿ ಅಮೆರಿಕದಲ್ಲಿ ಜನಿಸಿದ ಮೋರ್ಸ್ ಶಾಲೆಯಲ್ಲಿ ತುಂಟನೆನಿಸಿಕೊಂಡು ಹೊರಬಿದ್ದವರು. ರೈಲುಯಂತ್ರಗಳ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ಚಿಪ್ಪುಗಳನ್ನು ಕೂಡಿಸುವ ಹುಚ್ಚು ಅವರನ್ನು ಲೂಯಿ ಅಗಾಸಿಸ್ ಎಂಬ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞರ ಬಳಿಗೆ ಕರೆದೊಯ್ದಿತು. ಅಗಾಸಿಸ್ ಅವರ ಪಾಠಕ್ರಮ ವಿಚಿತ್ರವಾದುದು. ಶಿಷ್ಯನ ಮುಂದೆ ಒಂದು ಮೀನನ್ನಿಟ್ಟು, ಪುಸ್ತಕ ಮುಟ್ಟದೆ ನೋಡುತ್ತಿರು ಎಂದು ಹೇಳಿ ಹೊರಟುಹೋಗುತ್ತಿದ್ದರಂತೆ. ಬೇಸರಗೊಂಡ ಶಿಷ್ಯನೊಬ್ಬ ಆ ಮೀನಿನ ಚಿತ್ರ ಬರೆಯತೊಡಗಿದಾಗ, ಅದುವರೆಗೂ ಕಾಣದಿದ್ದ ಲಕ್ಷಣಗಳು ಒಂದೊಂದಾಗಿ ಕಾಣತೊಡಗಿದವು ಎಂದು ತನ್ನ ನೆನಪಿನಲ್ಲಿ ಬರೆದಿದ್ದಾನೆ.

೧೮೭೭ರ ಜೂನ್ ತಿಂಗಳಲ್ಲಿ ಮೋರ್ಸ್ ಜಪಾನಿಗೆ ಬಂದದ್ದು ದೀಪದ ಆಕಾರದ ಚಿಪ್ಪುಳ್ಳ ಒಂದು ಬಗೆಯ ಕಡಲಜೀವಿಯನ್ನು ಅಭ್ಯಸಿಸಲು. ಬಂದ ಕೆಲವು ದಿನಗಳಲ್ಲೇ ಯೋಕೊಹಾಮದಿಂದ ಟೋಕಿಯೊಗೆ ರೈಲಿನಲ್ಲಿ ಹೋಗುತ್ತಿದ್ದಾಗ ಓಮೊರಿ ಎಂಬಲ್ಲಿ ಹಳಿಯ ಪಕ್ಕದ ದಿಣ್ಣೆಯಲ್ಲಿ ಬಿಳಿಯ ಚಿಪ್ಪುಗಳ ಪದರವೊಂದು ಅವರ ಕಣ್ಣಿಗೆ ಬಿದ್ದಿತು. ಅಲ್ಲಿ ಅಗೆಸಿದಾಗ ಹುರಿಯ ಗುರುತುಳ್ಳ ಪ್ರಾಚೀನ ಮಡಕೆಗಳು ದೊರೆತವು. ಜಪಾನಿನ ಪುರಾತತ್ವಶಾಸ್ತ್ರಕ್ಕೆ ಅದೇ ನಾಂದಿಯಾಯಿತು. ಎಷ್ಟೋ ಜನ ಪ್ರಯಾಣಿಕರ ಎದುರಿಗೇ ಇದ್ದ ದಿಣ್ಣೆ ಅದು. ನೋಡಲು ಕಲಿತವನಿಗಷ್ಟೇ ಅದು ಕಂಡಿತು. ಟೋಕಿಯೊ ವಿಶ್ವವಿದ್ಯಾಲಯ ಅವರನ್ನು ಪ್ರಾಣಿಶಾಸ್ತ್ರದ ಮೊದಲ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಕರಿಹಲಗೆಯ ಮೇಲೆ ಎರಡು ಕೈಗಳಿಂದಲೂ ಏಕಕಾಲಕ್ಕೆ ಚಿತ್ರ ಬರೆಯುವ ಅವರ ಕೌಶಲ ಹೆಸರಾಗಿತ್ತು.

ಸಂಜೆಯಾದರೆ, ರಜೆ ಬಂದರೆ ಮೋರ್ಸ್ ದಿನಚರಿ ಹಿಡಿದು ಹಳ್ಳಿಗಳತ್ತ ಹೊರಡುತ್ತಿದ್ದರು. ರೈತನ ಮನೆಯೊಳಗೆ ಚಾಪೆಯ ಮೇಲೆ ಕುಳಿತು ಸುತ್ತ ನೋಡಿದ್ದನ್ನೆಲ್ಲ ಬರೆದುಕೊಂಡರು. ಹುಲ್ಲಿನ ಮಾಡು ಸೀಮೆಯಿಂದ ಸೀಮೆಗೆ ಹೇಗೆ ಬದಲಾಗುತ್ತದೆ, ಮಾಡಿನ ನೆತ್ತಿಯನ್ನು ಹೇಗೆ ಕಟ್ಟುತ್ತಾರೆ, ನೆಲದಲ್ಲಿ ತೋಡಿದ ಒಲೆಯ ಮೇಲೆ ಕೆಟಲನ್ನು ಯಾವ ಕೊಕ್ಕೆಗೆ ತೂಗುಹಾಕುತ್ತಾರೆ, ಬಾವಿಯಿಂದ ನೀರನ್ನು ಹೇಗೆ ಎತ್ತುತ್ತಾರೆ, ಸ್ನಾನದ ತೊಟ್ಟಿಗೆ ಬೆಂಕಿ ಎಲ್ಲಿಂದ ಇಡುತ್ತಾರೆ, ಬೇಲಿಯ ಬಿದಿರನ್ನು ಹೇಗೆ ಹೆಣೆಯುತ್ತಾರೆ ಎಲ್ಲವೂ ಗೆರೆಗಳಲ್ಲಿ ಮೂಡಿದವು. ಚಿಪ್ಪನ್ನು ಅಳೆದ ಕಣ್ಣೇ ಒಲೆಯನ್ನೂ ಅಳೆಯಿತು. ಈ ಚಿತ್ರಗಳಲ್ಲಿ ಬಣ್ಣದ ಬೆಡಗಿಲ್ಲ, ಕಲಾವಿದನ ಹಮ್ಮಿಲ್ಲ. ಯಾವ ಬಡಗಿಯಾದರೂ ನೋಡಿ ಅದೇ ವಸ್ತುವನ್ನು ಮತ್ತೆ ಮಾಡಬಲ್ಲ ಸ್ಪಷ್ಟತೆ ಇದೆ.

೧೮೮೬ರಲ್ಲಿ ಬಂದ ಜಪಾನೀ ಮನೆಗಳನ್ನು ಕುರಿತ ಅವರ ಪುಸ್ತಕದಲ್ಲಿ ಇಂಥ ಮುನ್ನೂರಕ್ಕೂ ಹೆಚ್ಚು ಚಿತ್ರಗಳಿದ್ದವು. ಆದರೆ ದಿನಚರಿ ಮಾತ್ರ ದಶಕಗಳ ಕಾಲ ಪೆಟ್ಟಿಗೆಯಲ್ಲೇ ಉಳಿಯಿತು. ಮೋರ್ಸ್ ಮುಪ್ಪಿನಲ್ಲಿಯೂ ಚಿಪ್ಪುಗಳ ಸಂಶೋಧನೆಯಲ್ಲೇ ಮುಳುಗಿದ್ದರು. ಜಪಾನಿನಲ್ಲಿ ಜೊತೆಗಿದ್ದ ವೈದ್ಯಮಿತ್ರ ಬಿಗೆಲೋ ಅವರು ಸಲುಗೆಯಿಂದ ಗದರಿಸಿ ಪತ್ರ ಬರೆದರು. ಕಡಲಜೀವಿಗಳು ಎಲ್ಲಿಗೂ ಹೋಗುವುದಿಲ್ಲ, ಆದರೆ ನಾವು ಕಂಡ ಜಪಾನ್ ಮಾಯವಾಗುತ್ತಿದೆ, ಅದನ್ನು ಕಂಡ ನಾವೂ ಉಳಿಯುವುದಿಲ್ಲ ಎಂಬುದು ಆ ಪತ್ರದ ತಾತ್ಪರ್ಯ. ಆ ಮಾತು ನಾಟಿತು. ೧೯೧೭ರಲ್ಲಿ, ಮೋರ್ಸ್ ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ೭೭೭ ಚಿತ್ರಗಳೊಡನೆ ದಿನಚರಿಯನ್ನು ಎರಡು ಸಂಪುಟಗಳಾಗಿ ಹೊರತಂದರು. ೧೯೨೩ರ ಭೂಕಂಪದಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಗ್ರಂಥಭಂಡಾರ ಸುಟ್ಟುಹೋದಾಗ ತಮ್ಮ ಸ್ವಂತ ಪುಸ್ತಕಗಳನ್ನೆಲ್ಲ ಅದಕ್ಕೆ ಬರೆದಿಟ್ಟರು. ೧೯೨೫ರಲ್ಲಿ ತೀರಿಕೊಂಡರು.

ಚಿತ್ರಗಳ ಜೊತೆಗೆ ಮೋರ್ಸ್ ಮಕ್ಕಳ ಆಟಿಕೆ, ಅಡುಗೆಯ ಸಾಮಾನು, ಕುಶಲಕರ್ಮಿಗಳ ಉಪಕರಣಗಳನ್ನೂ ಕೂಡಿಹಾಕಿದ್ದರು. ಅವು ಮೆಸಾಚುಸೆಟ್ಸ್ ರಾಜ್ಯದ ಸೇಲಂ ಎಂಬ ಪಟ್ಟಣದ ವಸ್ತುಸಂಗ್ರಹಾಲಯವನ್ನು ಸೇರಿದವು. ೨೦೧೩ರಲ್ಲಿ ಟೋಕಿಯೊ ನಗರದಲ್ಲಿ ಅವುಗಳ ಪ್ರದರ್ಶನ ನಡೆಯಿತು. ತಮ್ಮ ಮುತ್ತಜ್ಜಂದಿರ ಮನೆಯ ಸಾಧಾರಣ ವಸ್ತುಗಳನ್ನು ಜಪಾನೀಯರು ಪರದೇಶದಿಂದ ತರಿಸಿಕೊಂಡು ನೋಡಬೇಕಾಯಿತು! ಇದು ಹೆಮ್ಮೆಯ ವಿಷಯವೂ ಹೌದು, ಎಚ್ಚರಿಕೆಯ ವಿಷಯವೂ ಹೌದು.

ನಮ್ಮ ಸೀಮೆಯಲ್ಲಿ ಉಳಿದಿರುವ ಕೆಲಸ

ಜಪಾನಿನ ಕಥೆ ನಮಗೆ ತೀರ ದೂರದ್ದಲ್ಲ. ಅಂದಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ೧೮೯೮ರಲ್ಲಿಯೇ ಜಪಾನಿಗೆ ಹೋಗಿ ಅಲ್ಲಿಯ ಶಿಕ್ಷಣ, ಉದ್ಯಮಗಳನ್ನು ಕಂಡುಬಂದರು. ರೇಷ್ಮೆಯ ನಂಟಂತೂ ಇನ್ನೂ ನಿಕಟ. ೧೯೯೧ರಿಂದ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಜಪಾನೀ ತಜ್ಞರ ನೆರವಿನಿಂದ ದ್ವಿತಳಿ ಹುಳುಗಳ ಅಭಿವೃದ್ಧಿಯ ಕಾರ್ಯ ನಡೆಯಿತು. ಹೊಸ ಬಗೆಯ ಸಾಕಣೆ ನಮ್ಮ ರೈತರಿಗೆ ಲಾಭ ತಂದಿತು. ಜೊತೆಗೆ ಹಳೆಯ ಸಲಕರಣೆಗಳು ಮೂಲೆಗೆ ಸರಿದವು. ಬಿದಿರಿನ ಚಾಪೆಯ ಮೇಲೆ ಬಿದಿರಿನ ಸೀಳನ್ನೇ ಸುರುಳಿ ಸುತ್ತಿ ನಿಲ್ಲಿಸಿದ ಚಂದ್ರಿಕೆ ಒಂದು ಕಾಲಕ್ಕೆ ಹುಳು ಸಾಕುವ ಮನೆಗಳ ಮುಂದೆಲ್ಲ ಒರಗಿರುತ್ತಿತ್ತು. ಅದರ ಜಾಗಕ್ಕೆ ಪ್ಲಾಸ್ಟಿಕ್ಕಿನ ಸಾಧನ ಬಂದಿದೆ. ಬಂದದ್ದು ತಪ್ಪೆಂದು ಯಾರೂ ಹೇಳಲಾರರು. ಆದರೆ ಆ ಸುರುಳಿಗೆ ಎಷ್ಟು ಸುತ್ತು, ಸುತ್ತಿನಿಂದ ಸುತ್ತಿಗೆ ಎಷ್ಟು ಬೆರಳ ಅಂತರ, ಅದನ್ನು ಹೆಣೆಯುತ್ತಿದ್ದವರು ಯಾರು ಎಂಬುದನ್ನು ಬರೆದಿಡದೆ ಬಿಟ್ಟರೆ ಅದು ನಮ್ಮ ತಪ್ಪು.

ಬರೆದಿಡಬೇಕಾದುದು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇದೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕಾಯಿ ಕೀಳುವ ಬಲೆಗೋಲು, ಕಾವಲಿನ ಗುಡಿಸಲು, ಹಣ್ಣಿಗೆ ಹಾಕುವ ಹುಲ್ಲಿನ ಹಾಸು. ಮಾಲೂರಿನ ಹೆಂಚಿನ ಗೂಡುಗಳು, ಅದೇ ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ಕಲ್ಲಿನ ಮೇಲೆ ಮೊದಲು ಎಳೆಯುವ ಗೆರೆ. ಮುಳಬಾಗಿಲಿನ ಕೆರೆಗಳ ಕಲ್ಲಿನ ತೂಬು, ಅದನ್ನು ತೆರೆದು ಮುಚ್ಚಿ ನೀರು ಹಂಚುತ್ತಿದ್ದ ನೀರುಗಂಟಿಯ ಕೆಲಸ. ಕೋಲಾರದ ಹಳ್ಳಿಗಳಲ್ಲಿ ರಾಗಿಯನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದ ನೆಲದೊಳಗಿನ ಹಗೇವು. ಇವುಗಳ ಹೆಸರನ್ನಾದರೂ ನಮ್ಮ ಮಕ್ಕಳು ಅರಿತಿದ್ದಾರೆಯೇ?

ಇದಕ್ಕೆ ಕಲಾಶಾಲೆಯ ಶಿಕ್ಷಣ ಬೇಕಿಲ್ಲ. ಮೇಲೆ ಹೇಳಿದ ಮೂವರಲ್ಲಿ ಯಾರೂ ಚಿತ್ರ ಬರೆದು ಬದುಕಿದವರಲ್ಲ. ಬೇಕಾದದ್ದು ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ತಾಳ್ಮೆ. ರಜೆಯಲ್ಲಿ ಮಕ್ಕಳನ್ನು ಅಜ್ಜಿಯ ಬಳಿ ಕೂರಿಸಿ ಒಂದು ದಿನಕ್ಕೆ ಒಂದೇ ವಸ್ತುವಿನ ಚಿತ್ರ ಬರೆಯಿಸಿದರೆ ಸಾಕು. ಗೆರೆ ಸೊಟ್ಟಗಾದರೆ ಚಿಂತೆಯಿಲ್ಲ. ಪಕ್ಕದಲ್ಲಿ ಮನೆಯವರು ಅದನ್ನು ಕರೆಯುತ್ತಿದ್ದ ಹೆಸರು, ಗೇಣು ಮೊಳಗಳಲ್ಲಿ ಅದರ ಅಳತೆ, ಮಾಡಿದವರ ಕಸುಬು, ಬಳಸುತ್ತಿದ್ದ ಕಾಲ ಇವಿಷ್ಟನ್ನು ಬರೆದರಾಯಿತು. ರಾಗಿಕಲ್ಲಾದರೆ ಬೀಸುವಾಗ ಹಾಡುತ್ತಿದ್ದ ಪದವನ್ನೂ ಕೇಳಿ ಬರೆದುಕೊಳ್ಳಬಹುದು. ಗೆರೆಗೆ ಸಿಗದ ದನಿ ಅಕ್ಷರಕ್ಕಾದರೂ ಸಿಕ್ಕೀತು. ಮೊಬೈಲಿನಲ್ಲಿ ಫೋಟೋ ತೆಗೆಯುವುದೂ ಒಳ್ಳೆಯದೇ. ಆದರೆ ಕ್ಷಣದಲ್ಲಿ ತೆಗೆದ ಫೋಟೋವನ್ನು ಕ್ಷಣದಲ್ಲಿ ಮರೆಯುತ್ತೇವೆ. ಅರ್ಧ ಗಂಟೆ ಕುಳಿತು ಬರೆದ ಮೊರವನ್ನು ಆ ಮಗು ಬಾಳಿಡೀ ಮರೆಯಲಾರದು. ಆ ಅರ್ಧ ಗಂಟೆ ಅಜ್ಜಿಯೂ ಮೊಮ್ಮಗನೂ ಒಂದೇ ವಸ್ತುವನ್ನು ನೋಡುತ್ತ ಜೊತೆಯಲ್ಲಿ ಕುಳಿತಿರುತ್ತಾರೆ. ಇಂದಿನ ಮನೆಗಳಲ್ಲಿ ಇದೇನು ಸಣ್ಣ ಲಾಭವಲ್ಲ.

ಬಿಗೆಲೋ ಅವರು ಮಿತ್ರನಿಗೆ ಕೊಟ್ಟ ಎಚ್ಚರಿಕೆ ನಮಗೂ ಸಲ್ಲುತ್ತದೆ. ಅಟ್ಟದ ಮೇಲಿನ ಕೂರಿಗೆಯ ಬಟ್ಟಲು ಇನ್ನೂ ಕೆಲವು ವರ್ಷ ಅಲ್ಲಿಯೇ ಇದ್ದೀತು. ಅದನ್ನು ಹಿಡಿಯುವ ಬಗೆಯನ್ನು ಕೈಯಾಡಿಸಿ ತೋರಿಸಬಲ್ಲ ಅಜ್ಜಿ ಎಷ್ಟು ಕಾಲ ನಮ್ಮೊಡನೆ ಇರುತ್ತಾಳೆಂಬುದು ಯಾರ ಕೈಯಲ್ಲೂ ಇಲ್ಲ. ಈ ಬೇಸಿಗೆಯಲ್ಲಿಯೇ ಆ ನೋಟುಪುಸ್ತಕ ಆರಂಭವಾಗಲಿ.